ಕೀಹೋಲ್ ಕರುಳಿನ ಆಪರೇಷನ್: ಜೊತೆಗಿರುವವರು ಮಾಡಬೇಕಾದ್ದು

"ಕೀಹೋಲ್ ಅಲ್ವಾ ಸಿಸ್ಟರ್, ನಾಳಿದ್ದು ಮನೆಗೆ ಬಿಡ್ತೀರಾ?" ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಲ್ಯಾಪ್ರೋಸ್ಕೋಪಿ ಅಂದ ಕೂಡಲೇ ನಮ್ಮ ವಾರ್ಡಿನಲ್ಲಿ ಮನೆಯವರು ಕೇಳುವುದು ಇದನ್ನೇ. ಹೊರಗೆ ಕಾಣುವುದು ನಾಲ್ಕೈದು ಸಣ್ಣ ತೂತು, ಗಡ್ಡೆ ತೆಗೆದ ಕಡೆ ಸ್ವಲ್ಪ ದೊಡ್ಡ ಹೊಲಿಗೆ. ಒಳಗೆ ಕರುಳಿನ ತುಂಡನ್ನೇ ಕತ್ತರಿಸಿ, ಉಳಿದ ಎರಡು ತುದಿ ಜೋಡಿಸಿರುತ್ತಾರೆ. ಆ ಜೋಡಣೆ ಕೂಡಿಕೊಳ್ಳಲು ಸಮಯ ಬೇಕು.

ಮೊದಲೇ ಸರ್ಜನ್ ಹತ್ತಿರ ಎರಡು ವಿಷಯ ಕೇಳಿ. ಮಧ್ಯದಲ್ಲಿ ಹೊಟ್ಟೆ ತೆರೆಯಬೇಕಾಗಬಹುದಾ? ಮಲ ಹೋಗಲು ಹೊಟ್ಟೆ ಮೇಲೆ ಚೀಲ ಬರುತ್ತಾ? ಗುದದ್ವಾರದ ಹತ್ತಿರದ ಗಡ್ಡೆಗೆ ಎಷ್ಟೋ ಸಲ ಕೆಲವು ತಿಂಗಳ ಮಟ್ಟಿಗೆ ಚೀಲ ಇಡುತ್ತಾರೆ. ಇಡುವುದಾದರೆ ಆಪರೇಷನ್‌ಗೆ ಮುಂಚೆ ಪೆನ್ನಲ್ಲಿ ಗುರುತು ಹಾಕುತ್ತಾರೆ. ಆಗ ರೋಗಿ ಸುಮ್ನೆ ಮಲಗಿರುವುದು ಬೇಡ. ಎದ್ದು ಕೂತು, ನಿಂತು, ಪಂಚೆ ಕಟ್ಟುವ ಜಾಗ, ಸೀರೆಯ ನೆರಿಗೆ ಸಿಕ್ಕಿಸುವ ಜಾಗ ತೋರಿಸಲಿ. ಗುರುತು ಮಡಿಕೆಯೊಳಗೆ ಬಿದ್ದರೆ ಆಮೇಲೆ ಚೀಲ ಸೋರಿ ಗೋಳು.

ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಹೇಳಿ, ನೀವಾಗೇ ನಿಲ್ಲಿಸಬೇಡಿ. ಬೀಡಿ, ಸಿಗರೇಟು ಇವತ್ತೇ ಬಿಡಿಸಿ.

ಆಪರೇಷನ್ ಆದಮೇಲೆ ಭುಜ ನೋಯುತ್ತದೆ ಅಂದರೆ ಗಾಬರಿ ಬೇಡ. ಹೊಟ್ಟೆ ಉಬ್ಬಿಸಲು ಕಾರ್ಬನ್ ಡೈಆಕ್ಸೈಡ್ ಬಿಟ್ಟಿರುತ್ತಾರೆ. ಅದು ವಪೆಯನ್ನು (ಎದೆ, ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಕೆಣಕಿ, ನೋವು ಭುಜದಲ್ಲಿ ಕಾಣಿಸುತ್ತದೆ. ಎರಡು ಮೂರು ದಿನಕ್ಕೆ ಹೋಗುತ್ತದೆ. ಎದೆನೋವು, ಉಸಿರುಕಟ್ಟುವುದು ಇದ್ದರೆ ಮಾತ್ರ ತಕ್ಷಣ ಕೂಗಿ.

ಮಾರನೇ ದಿನವೇ ನಡೆಸಲು ಬರುತ್ತೇವೆ. "ಪಾಪ, ಮಲಗಿರಲಿ" ಅನ್ನಬೇಡಿ. ಮಲಗಿದಷ್ಟೂ ಕಫ ಕಟ್ಟುತ್ತದೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮೊದಲು ಕಾಲು ಇಳಿಬಿಟ್ಟು ಕೂರಿಸಿ, ತಲೆ ಸುತ್ತದಿದ್ದರೆ ಎಬ್ಬಿಸಿ. ಮೂತ್ರದ ಚೀಲ ನೀವು ಹಿಡಿದುಕೊಳ್ಳಿ, ಸೊಂಟಕ್ಕಿಂತ ಕೆಳಗೇ ಇರಲಿ. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳಲಿ. ಉಸಿರಾಟದ ವ್ಯಾಯಾಮಕ್ಕೆ ಮೂರು ಚೆಂಡಿನ ಡಬ್ಬಿ ಕೊಟ್ಟಿರುತ್ತೇವಲ್ಲ, ಅದನ್ನು ಊದುವುದಲ್ಲ, ಉಸಿರೆಳೆದು ಚೆಂಡು ಏರಿಸಬೇಕು. ಅರ್ಧ ವಾರ್ಡ್ ಊದುತ್ತಾ ಕೂತಿರುತ್ತದೆ!

"ಗ್ಯಾಸ್ ಹೋಯ್ತಾ?" ಅಂತ ದಿನಾ ಕೇಳುತ್ತೇವೆ. ನಾಚಿಕೊಳ್ಳದೆ ಹೇಳಿ, ಕರುಳು ಕೆಲಸ ಶುರುಮಾಡಿದ್ದು ಅದರಿಂದಲೇ ಗೊತ್ತಾಗುವುದು. ಊಟ ಡಾಕ್ಟರ್ ಹೇಳಿದಂತೆ: ಗುಟುಕು ನೀರು, ತೆಳು ಗಂಜಿ, ಆಮೇಲೆ ಮೆತ್ತನೆ ಅನ್ನ.

ಮೊದಲ ಹತ್ತು ದಿನ ಜಾಸ್ತಿ ಎಚ್ಚರ ಇರಲಿ. ಜ್ವರ, ನಾಡಿ ಓಡುವುದು, ಇಳಿಯುತ್ತಿದ್ದ ಹೊಟ್ಟೆನೋವು ಮತ್ತೆ ಏರುವುದು, ಹೊಟ್ಟೆ ಉಬ್ಬಿ ವಾಂತಿ ಆಗುವುದು: ಇವು ಜೋಡಣೆ ಸೋರುತ್ತಿರುವ ಲಕ್ಷಣ ಇರಬಹುದು. ಮನೆಗೆ ಹೋದಮೇಲೆ ಹೀಗಾದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಬನ್ನಿ.

ಆರು ವಾರ ಬಿಂದಿಗೆ, ಮೂಟೆ ಎತ್ತಿಸಬೇಡಿ. ತೆಗೆದ ಗಡ್ಡೆಯ ಬಯಾಪ್ಸಿ ವರದಿ ಮರೆಯದೆ ಈಸಿಕೊಳ್ಳಿ; ಕೀಮೋ ಬೇಕೋ ಬೇಡವೋ ತೀರ್ಮಾನಿಸಲು ಅದೇ ಬೇಕು.