ಡಿಜಿಟಲ್ ಪಾಠ ಕಟ್ಟುವುದು ಹೇಗೆ? ವಿದ್ಯಾರ್ಥಿ ಎಡವುವ ಜಾಗದಿಂದ ಶುರು ಮಾಡಿ

ಒಂದು ಗಂಟೆಯ ತರಗತಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕಿದರೆ ಅದು ಡಿಜಿಟಲ್ ಪಾಠ ಆಗುವುದಿಲ್ಲ. ಕೋವಿಡ್ ಹೊತ್ತಿನಲ್ಲಿ ನಮ್ಮ ಪದವಿ ಕಾಲೇಜುಗಳಿಂದ ಇಂಥ ವಿಡಿಯೊಗಳು ರಾಶಿ ರಾಶಿ ಬಂದವು. ಆಗ ಬೇರೆ ದಾರಿ ಇರಲಿಲ್ಲ. ಈಗ ಇದೆ.

ತರಗತಿಯಲ್ಲಿ ಹುಡುಗರ ಮುಖ ಕಾಣುತ್ತದೆ. ಅರ್ಥವಾಗಿಲ್ಲ ಎಂದು ಗೊತ್ತಾದ ತಕ್ಷಣ ಹಿಂದಕ್ಕೆ ಹೋಗಿ ಇನ್ನೊಂದು ಉದಾಹರಣೆ ಕೊಡುತ್ತೇವೆ. ರೆಕಾರ್ಡ್ ಆದ ಪಾಠದಲ್ಲಿ ಅದು ಸಾಧ್ಯವಿಲ್ಲ. ಹಾಗಾಗಿ ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೆ ಎಂಬುದನ್ನು ಮೊದಲೇ ಹುಡುಕಿ, ಅದರ ಸುತ್ತಲೇ ಪಾಠ ಕಟ್ಟಬೇಕು. ಕ್ಯಾಮೆರಾ, ಸಾಫ್ಟ್‌ವೇರ್ ಎಲ್ಲ ಆಮೇಲಿನ ಮಾತು.

ಒಂದು ನಿಜವಾದ ಪಾಠ ಇಟ್ಟುಕೊಂಡೇ ನೋಡೋಣ. ಅರ್ಥಶಾಸ್ತ್ರದ ಮೊದಲ ವರ್ಷದಲ್ಲಿ ಬರುವ ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಎಲಾಸ್ಟಿಸಿಟಿ. ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದರ ಅಳತೆ ಇದು.

ಮೊದಲು ಉತ್ತರ ಪತ್ರಿಕೆ ತೆಗೆಯಿರಿ

ಹಿಂದಿನ ಸೆಮಿಸ್ಟರಿನ ಇಂಟರ್ನಲ್ಸ್ ಪೇಪರ್‌ಗಳು ಸ್ಟಾಫ್ ರೂಮಿನ ಬೀರುವಿನಲ್ಲಿ ಇದ್ದೇ ಇರುತ್ತವೆ. ಅವುಗಳಲ್ಲಿ ಸರಿ ಉತ್ತರಗಳನ್ನು ಬಿಡಿ. ತಪ್ಪು ಉತ್ತರಗಳನ್ನು ಮಾತ್ರ ನೋಡಿ, ಒಂದೇ ಥರದ ತಪ್ಪುಗಳನ್ನು ಒಟ್ಟಿಗೆ ಬರೆದುಕೊಳ್ಳಿ.

ಲೆಕ್ಕ ಇದು ಎಂದುಕೊಳ್ಳಿ. ಈರುಳ್ಳಿ ಬೆಲೆ ಕಿಲೊಗೆ 20 ರೂಪಾಯಿಯಿಂದ 24 ರೂಪಾಯಿಗೆ ಏರಿತು. ಅಂಗಡಿಯಲ್ಲಿ ದಿನದ ಮಾರಾಟ 50 ಕಿಲೊದಿಂದ 45 ಕಿಲೊಗೆ ಇಳಿಯಿತು. ಸ್ಥಿತಿಸ್ಥಾಪಕತ್ವ ಎಷ್ಟು? ಬೆಲೆ ಏರಿದ್ದು ಶೇ 20. ಮಾರಾಟ ಇಳಿದದ್ದು ಶೇ 10. ಹತ್ತನ್ನು ಇಪ್ಪತ್ತರಿಂದ ಭಾಗಿಸಿದರೆ 0.5. ಒಂದಕ್ಕಿಂತ ಕಡಿಮೆ, ಅಂದರೆ ಬೆಲೆ ಏರಿದಷ್ಟು ಜೋರಾಗಿ ಬೇಡಿಕೆ ಇಳಿದಿಲ್ಲ.

ಇಲ್ಲಿ ಎಡವುವುದು ಬಹಳ ಸುಲಭ. ಶೇಕಡಾ ಲೆಕ್ಕವನ್ನು ಬಿಟ್ಟು 5 ಕಿಲೊವನ್ನು 4 ರೂಪಾಯಿಯಿಂದ ನೇರವಾಗಿ ಭಾಗಿಸಿದರೆ 1.25 ಬರುತ್ತದೆ. ಅದು ಒಂದಕ್ಕಿಂತ ಜಾಸ್ತಿ, ಹಾಗಾಗಿ ತೀರ್ಮಾನವೇ ತಲೆಕೆಳಗು. ಸೂತ್ರವನ್ನು ಬಾಯಿಪಾಠ ಮಾಡಿದವರೂ ಈ ಗುಂಡಿಗೆ ಬೀಳುತ್ತಾರೆ, ಯಾಕೆಂದರೆ ಶೇಕಡಾ ಯಾಕೆ ಬೇಕು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಕಿಲೊ ಬದಲು ಗ್ರಾಂನಲ್ಲಿ ಅದೇ ತಪ್ಪು ಲೆಕ್ಕ ಮಾಡಿ ತೋರಿಸಿ: 5000ವನ್ನು 4ರಿಂದ ಭಾಗಿಸಿದರೆ 1250! ಈರುಳ್ಳಿ ಅದೇ, ಅಂಗಡಿ ಅದೇ, ಅಳತೆ ಬದಲಾದದ್ದಕ್ಕೆ ಉತ್ತರ ಸಾವಿರ ಪಟ್ಟು ಆಯಿತು. ಶೇಕಡಾದಲ್ಲಿ ಮಾಡಿದರೆ ಕಿಲೊ ಆದರೂ ಗ್ರಾಂ ಆದರೂ 0.5 ಹಾಗೇ ಉಳಿಯುತ್ತದೆ. ಪಾಠದ ಜೀವ ಇರುವುದು ಇಲ್ಲಿ. ಉಳಿದದ್ದನ್ನೆಲ್ಲ ಇದರ ಸುತ್ತ ಜೋಡಿಸಿ.

ಪಾಠಕ್ಕಿಂತ ಮೊದಲು ಪ್ರಶ್ನೆ ಬರೆಯಿರಿ

'ವಿದ್ಯಾರ್ಥಿಗಳು ಸ್ಥಿತಿಸ್ಥಾಪಕತ್ವವನ್ನು ಅರ್ಥ ಮಾಡಿಕೊಳ್ಳುವರು' ಎಂದು ಗುರಿ ಬರೆದರೆ ಅದು ಮುಟ್ಟಿತೋ ಇಲ್ಲವೋ ತಿಳಿಯುವುದೇ ಇಲ್ಲ. 'ಎರಡು ಬೆಲೆ, ಎರಡು ಪ್ರಮಾಣ ಕೊಟ್ಟರೆ ಲೆಕ್ಕ ಮಾಡಿ, ವ್ಯಾಪಾರಿಯ ಒಟ್ಟು ಗಳಿಕೆ ಏರುತ್ತದೋ ಇಳಿಯುತ್ತದೋ ಹೇಳಬಲ್ಲರು' ಎಂದು ಬರೆಯಿರಿ. ಈಗ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ನಮ್ಮ ಈರುಳ್ಳಿ ವ್ಯಾಪಾರಿಗೆ ಮೊದಲು ಬರುತ್ತಿದ್ದದ್ದು 1000 ರೂಪಾಯಿ, ಈಗ 24 ಗುಣಿಸು 45, ಅಂದರೆ 1080. ಕಡಿಮೆ ಮಾರಿಯೂ ಜಾಸ್ತಿ ಗಳಿಸಿದ. ಯಾಕೆ? ಈ ಪ್ರಶ್ನೆಗೆ ಉತ್ತರ ಹೇಳಲು ಬೇಕಾಗದ ಯಾವುದನ್ನೂ ಈ ಪಾಠದಲ್ಲಿ ಇಡಬೇಡಿ. ಅದಕ್ಕೆ ಇನ್ನೊಂದು ಪಾಠ ಮಾಡಿದರಾಯಿತು.

ಈಗಾಗಲೇ ಇರುವುದನ್ನು ಮತ್ತೆ ಮಾಡಬೇಡಿ

ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ಶುರು ಮಾಡಿದ, ವಿಡಿಯೊ ಪಾಠಗಳ ಎನ್‌ಪಿಟಿಇಎಲ್ ಯೋಜನೆ 2003ರಿಂದ ಇದೆ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ಸ್ವಯಂ ಪೋರ್ಟಲ್ 2017ರಲ್ಲಿ ಬಂತು. ಸ್ನಾತಕೋತ್ತರ ಮಟ್ಟಕ್ಕೆ ಇ-ಪಿಜಿ ಪಾಠಶಾಲಾ ಇದೆ. ವಿಜ್ಞಾನದವರಿಗೆ ಪರದೆಯ ಮೇಲೆಯೇ ಮಾಡಿ ನೋಡುವ, ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಪ್ರಯೋಗಗಳು ಉಚಿತ, ಹಲವು ಕನ್ನಡದಲ್ಲೂ ಸಿಗುತ್ತವೆ. ಸುರತ್ಕಲ್‌ನ ಎನ್‌ಐಟಿಕೆ ಕೂಡ ಸೇರಿರುವ ವರ್ಚುವಲ್ ಲ್ಯಾಬ್ಸ್ ಯೋಜನೆಯಲ್ಲಿ ಎಂಜಿನಿಯರಿಂಗ್ ಪ್ರಯೋಗಗಳಿವೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕಂಪ್ಯೂಟರ್ ಪಾಠಗಳು ಕನ್ನಡ ದನಿಯಲ್ಲೇ ಇವೆ.

ಒಳ್ಳೆಯ ವಿಡಿಯೊ ಇಂಗ್ಲಿಷ್‌ನಲ್ಲಿದ್ದರೆ ಅದರ ಲಿಂಕ್ ಕೊಟ್ಟು, ಕನ್ನಡದಲ್ಲಿ ಒಂದು ಪುಟ ವಿವರಣೆ ಬರೆಯಿರಿ. ಹಳ್ಳಿಯಿಂದ ಬಂದ, ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ನೀವು ಇನ್ನೊಂದು ಹೊಸ ವಿಡಿಯೊ ಮಾಡಿಕೊಡುವುದಕ್ಕಿಂತ ಆ ಒಂದು ಪುಟ ಜಾಸ್ತಿ ಉಪಕಾರ ಮಾಡುತ್ತದೆ.

ಚಿತ್ರಗಳ ವಿಷಯದಲ್ಲಿ ಎಚ್ಚರ. ಗೂಗಲ್‌ನಲ್ಲಿ ಸಿಕ್ಕಿದ್ದೆಲ್ಲ ಎಲ್ಲರದ್ದೂ ಅಲ್ಲ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಹುಡುಕಿ, ಕ್ರಿಯೇಟಿವ್ ಕಾಮನ್ಸ್ ಪರವಾನಗಿ, ಅಂದರೆ ಬೇರೆಯವರು ಹೇಗೆ ಬಳಸಬಹುದು ಎಂದು ಮಾಡಿದವರೇ ಕೊಟ್ಟ ಅನುಮತಿ, ಯಾವುದು ಎಂದು ಓದಿ. 'ಬೈ' ಎಂದಿದ್ದರೆ ಮಾಡಿದವರ ಹೆಸರು ಹಾಕಿ ಬಳಸಬಹುದು. ಬೇರೆ ಕಡೆ ಸಿಕ್ಕ ಚಿತ್ರಕ್ಕೆ 'ಎನ್‌ಡಿ' ಎಂದಿದ್ದರೆ ಬದಲಾಯಿಸಿ ಹಂಚುವಂತಿಲ್ಲ.

ಆರು ನಿಮಿಷಕ್ಕೆ ಬರೆದು, ಗಟ್ಟಿಯಾಗಿ ಓದಿ

ಆನ್‌ಲೈನ್ ಕೋರ್ಸ್‌ಗಳ ಎಡ್‌ಎಕ್ಸ್ ತಾಣದಲ್ಲಿ ಜನ ವಿಡಿಯೊ ನೋಡಿದ 69 ಲಕ್ಷ ಸಲದ ಮಾಹಿತಿಯನ್ನು ಪರೀಕ್ಷಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ವಿಡಿಯೊ ಎಷ್ಟೇ ಉದ್ದ ಇರಲಿ, ಜನ ನೋಡುವ ಮಧ್ಯಮ ಅವಧಿ (ಮೀಡಿಯನ್) ಆರು ನಿಮಿಷ ದಾಟಲಿಲ್ಲ. ಸ್ಲೈಡ್ ತೋರಿಸಿ ಮಾತಾಡುವುದಕ್ಕಿಂತ, ಕೈಯಲ್ಲಿ ಬರೆಯುತ್ತಾ ವಿವರಿಸುವ ವಿಡಿಯೊಗಳು ಜನರನ್ನು ಹೆಚ್ಚು ಹೊತ್ತು ಹಿಡಿದಿಟ್ಟವು ಎಂದೂ ಅದರಲ್ಲಿ ಕಂಡುಬಂತು. ನಮ್ಮ ಬೋರ್ಡು-ಚಾಕ್‌ಪೀಸ್ ಅಭ್ಯಾಸಕ್ಕೆ ಇದು ಒಳ್ಳೆಯ ಸುದ್ದಿ ಅಲ್ವಾ?

ಆದ್ದರಿಂದ ಮಾತನ್ನು ಮೊದಲು ಕಾಗದದ ಮೇಲೆ ಬರೆಯಿರಿ. ಗಡಿಯಾರ ನೋಡಿಕೊಂಡು ಗಟ್ಟಿಯಾಗಿ ಓದಿ. ನಾಲಿಗೆ ತೊಡರಿದ ಕಡೆ ವಾಕ್ಯವನ್ನು ಎರಡಾಗಿ ಮುರಿಯಿರಿ. 'ಹಿಂದಿನ ತರಗತಿಯಲ್ಲಿ ಹೇಳಿದ ಹಾಗೆ' ಎಂಬ ಪೀಠಿಕೆಯನ್ನು ತೆಗೆದುಹಾಕಿ, ನೇರವಾಗಿ ಈರುಳ್ಳಿ ಅಂಗಡಿಯಿಂದಲೇ ಹೊರಡಿ. ಸಬ್‌ಟೈಟಲ್ ಹಾಕುವಾಗಲೂ ಇದೇ ಬರಹ ಕೈಗೆ ಬರುತ್ತದೆ.

ಪರದೆಯ ಮೇಲೆ ನೀವು ಹೇಳುವ ಇಡೀ ವಾಕ್ಯವನ್ನೇ ಹಾಕಬೇಡಿ. ಕಿವಿ ಒಂದು ವೇಗದಲ್ಲಿ ಕೇಳುತ್ತದೆ, ಕಣ್ಣು ಇನ್ನೊಂದು ವೇಗದಲ್ಲಿ ಓದುತ್ತದೆ, ಎರಡೂ ಅರ್ಧಂಬರ್ಧ ಆಗುತ್ತವೆ. ಲೆಕ್ಕ ಮಾತ್ರ ಸಾಲು ಸಾಲಾಗಿ ಬರಲಿ. ಮಾಡಿದ್ದನ್ನು ಲ್ಯಾಪ್‌ಟಾಪ್‌ನಲ್ಲಿ ಅಲ್ಲ, ಸಾಧಾರಣ ಫೋನಿನಲ್ಲಿ, ಬಿಸಿಲಿಗೆ ಹಿಡಿದು ನೋಡಿ. ಅಕ್ಷರ ಕಾಣದಿದ್ದರೆ ದೊಡ್ಡದು ಮಾಡಿ.

ರೆಕಾರ್ಡಿಂಗ್: ಚಿತ್ರಕ್ಕಿಂತ ದನಿ ಮುಖ್ಯ

ಚಿತ್ರ ಸ್ವಲ್ಪ ಮಸುಕಾದರೂ ಹುಡುಗರು ನೋಡುತ್ತಾರೆ. ದನಿ ಗೊರಗೊರ ಎಂದರೆ ನಿಲ್ಲಿಸಿಬಿಡುತ್ತಾರೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ವೈರ್ ಇರುವ ಇಯರ್‌ಫೋನ್ ಮೈಕ್ ಬಾಯಿಗೆ ಹತ್ತಿರ ಇಟ್ಟುಕೊಂಡು ಮಾತಾಡಿ. ಖಾಲಿ ತರಗತಿ ಕೊಠಡಿ ಪ್ರತಿಧ್ವನಿ ಕೊಡುತ್ತದೆ, ಪುಸ್ತಕ ತುಂಬಿದ ಲೈಬ್ರರಿ ಮೂಲೆ ಒಳ್ಳೆಯದು. ಪರದೆ ರೆಕಾರ್ಡ್ ಮಾಡಲು ಒಬಿಎಸ್ ಸ್ಟುಡಿಯೊ, ದನಿ ಕತ್ತರಿಸಲು ಆಡಾಸಿಟಿ ಸಾಕು. ಎರಡೂ ಉಚಿತ.

ಡೇಟಾ ಲೆಕ್ಕ ಹಾಕಿ

ಆರು ನಿಮಿಷದ ವಿಡಿಯೊವನ್ನು ಸೆಕೆಂಡಿಗೆ 500 ಕಿಲೊಬಿಟ್ ದರದಲ್ಲಿ ಉಳಿಸಿದರೆ ಸುಮಾರು 22 ಎಂಬಿ. ಬೋರ್ಡು, ಅಕ್ಷರ ತೋರಿಸುವ ಪಾಠಕ್ಕೆ ಅಷ್ಟು ಸಾಕಾಗುತ್ತದೆ. ಬರೀ ದನಿಯನ್ನು 32 ಕಿಲೊಬಿಟ್‌ನಲ್ಲಿ ಉಳಿಸಿದರೆ ಒಂದೂವರೆ ಎಂಬಿಯೂ ಆಗುವುದಿಲ್ಲ. ಬಸ್ಸಿನಲ್ಲಿ ಊರಿಗೆ ಹೋಗುತ್ತಾ ಕೇಳುವವರಿಗೆ, ಘಟ್ಟದ ಊರುಗಳಲ್ಲಿ ನೆಟ್‌ವರ್ಕ್ ಸಿಗದವರಿಗೆ ಇದು ದೊಡ್ಡ ಆಸರೆ. ಆದ್ದರಿಂದ ಪ್ರತಿ ಪಾಠವೂ ವಿಡಿಯೊ, ದನಿ, ಒಂದು ಪುಟದ ಬರಹ ಹೀಗೆ ಮೂರು ರೂಪದಲ್ಲಿ ಇರಲಿ.

ನುಡಿಯಲ್ಲಿ ಟೈಪ್ ಮಾಡಿದ ಹಳೆಯ ನೋಟ್ಸ್

ಈ ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು. ನಮ್ಮ ಕಾಲೇಜುಗಳಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ ಟೈಪ್ ಮಾಡಿಸಿದ ಕನ್ನಡ ನೋಟ್ಸ್ ಇವೆ. ಎಷ್ಟೋ 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳಲ್ಲಿವೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ. ಅದೇ ಫೈಲ್ ವಿದ್ಯಾರ್ಥಿಯ ಫೋನಿಗೆ ಹೋದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಹುಡುಕಿದರೆ ಪದ ಸಿಗುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಅದನ್ನು ಓದಲಾರದು. ಅಷ್ಟು ಜನರ ದುಡಿಮೆ ಆ ಒಬ್ಬ ವಿದ್ಯಾರ್ಥಿಗೆ ಇಲ್ಲದ ಹಾಗೇ ಆಗುತ್ತದೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ, ಯಾಕೆಂದರೆ ಸರಿಪಡಿಸುವುದು ಕಷ್ಟವೇ ಅಲ್ಲ.

ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್, ಅಂದರೆ ಎಲ್ಲ ಫೋನ್, ಕಂಪ್ಯೂಟರ್‌ಗಳಿಗೂ ಒಂದೇ ಆಗಿರುವ ಅಕ್ಷರ ಸಂಕೇತ. ಇಲ್ಲದಿದ್ದರೆ ಪರಿವರ್ತಕ ಬಳಸಿ ಬದಲಾಯಿಸಿ, ಒಮ್ಮೆ ಕೂತು ಓದಿ ತಿದ್ದಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ತಪ್ಪು ನುಸುಳುವುದು ಹೆಚ್ಚು. ಹೊಸದಾಗಿ ಟೈಪ್ ಮಾಡುವವರು ನುಡಿಯಲ್ಲೇ ಯೂನಿಕೋಡ್ ಆಯ್ಕೆ ಒತ್ತಿದರೆ ಸಾಕು, ಕೀಲಿಮಣೆ ಅಭ್ಯಾಸ ಬದಲಾಯಿಸಬೇಕಿಲ್ಲ. ಪಿಡಿಎಫ್ ಒಂದನ್ನೇ ಕೊಡಬೇಡಿ. ಯೂನಿಕೋಡ್ ಆಗಿದ್ದರೂ ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿದರೆ ಅಕ್ಷರ ಅಸ್ತವ್ಯಸ್ತ ಆಗುವುದುಂಟು. ಗೂಗಲ್ ಡಾಕ್ಸ್ ಅಥವಾ ಇ-ಪಬ್ (ಇ-ಪುಸ್ತಕ) ರೂಪವನ್ನೂ ಕೊಡಿ.

ಇನ್ನೊಂದು ಮಾತು. ವಿಡಿಯೊದಲ್ಲಿ 'ಇಲ್ಲಿಂದ ಇಲ್ಲಿಗೆ ಬಂದಿತು ನೋಡಿ' ಎನ್ನಬೇಡಿ. 'ಬೆಲೆ 20ರಿಂದ 24ಕ್ಕೆ ಏರಿತು' ಎನ್ನಿ. ನೋಡಲಾಗದವರಿಗೂ, ದನಿ ಮಾತ್ರ ಕೇಳುವವರಿಗೂ ಪಾಠ ತಲುಪುತ್ತದೆ.

ತಪ್ಪು ಉತ್ತರಕ್ಕೂ ಉತ್ತರ ಕೊಡಿ

2006ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಪ್ರಯೋಗ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಬರಹವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಮುಂದಿದ್ದವರು, ಓದಿದ್ದನ್ನು ನೆನಪಿನಿಂದ ಬರೆದು ನೋಡಿದವರು. ಅಂದರೆ ವಿಡಿಯೊವನ್ನು ಎರಡನೇ ಸಲ ನೋಡುವುದಕ್ಕಿಂತ, ನೋಡಿದ ಮೇಲೆ ಲೆಕ್ಕ ಮಾಡುವುದು ಮೇಲು.

ಗೂಗಲ್ ಫಾರ್ಮ್ಸ್‌ನಲ್ಲಿ ಕ್ವಿಜ್ ಮಾಡಿ. ಆನ್‌ಲೈನ್ ಪಾಠ ನಡೆಸುವ ಮೂಡಲ್ ಸಾಫ್ಟ್‌ವೇರ್ ಇದ್ದ ಕಾಲೇಜಿನಲ್ಲಿ ಎಚ್‌5ಪಿ ಎಂಬ ಸಾಧನ ಬಳಸಿ ವಿಡಿಯೊ ನಡುವೆಯೇ ಪ್ರಶ್ನೆ ಇಡಬಹುದು. ತಪ್ಪು ಆಯ್ಕೆಗಳನ್ನು ಸುಮ್ನೆ ತುಂಬಬೇಡಿ, ಉತ್ತರ ಪತ್ರಿಕೆಗಳಲ್ಲಿ ಸಿಕ್ಕ ತಪ್ಪುಗಳನ್ನೇ ಇಡಿ. ನಮ್ಮ ಲೆಕ್ಕಕ್ಕೆ ಸರಿ ಉತ್ತರ 0.5ರ ಜೊತೆ 1.25 ಮತ್ತು 2 ಇರಲಿ. ಯಾರಾದರೂ 1.25 ಒತ್ತಿದರೆ 'ತಪ್ಪು' ಎಂದಷ್ಟೇ ತೋರಿಸದೆ ಹೀಗೆ ಹೇಳಿ: 'ನೀವು ಕಿಲೊವನ್ನು ರೂಪಾಯಿಯಿಂದ ಭಾಗಿಸಿದ್ದೀರಿ. ಗ್ರಾಂನಲ್ಲಿ ಮಾಡಿದ್ದರೆ ಏನು ಬರುತ್ತಿತ್ತು, ಒಮ್ಮೆ ಮಾಡಿ ನೋಡಿ.' 2 ಒತ್ತಿದವರಿಗೆ: 'ಶೇಕಡಾ ಸರಿ ಇದೆ, ಮೇಲಿನದು ಕೆಳಗೆ ಹೋಗಿದೆ.' ತರಗತಿಯಲ್ಲಿ ಪಕ್ಕಕ್ಕೆ ಹೋಗಿ ಹೇಳುವ ಮಾತನ್ನು ಇಲ್ಲಿ ಬರೆದಿಡುತ್ತೀರಿ, ಅಷ್ಟೇ.

ಹಂಚುವ ಮೊದಲು, ಹಂಚಿದ ಮೇಲೆ

ಪಾಠ ಗೊತ್ತಿಲ್ಲದ ಮೂವರು ವಿದ್ಯಾರ್ಥಿಗಳನ್ನು ಕೂರಿಸಿ ತೋರಿಸಿ. ನೀವು ಬಾಯಿ ಬಿಡಬೇಡಿ. ಎಲ್ಲಿ ನಿಲ್ಲಿಸಿದರು, ಎಲ್ಲಿ ಹಿಂದಕ್ಕೆ ಎಳೆದರು ಎಂದು ಬರೆದುಕೊಳ್ಳಿ. ಸ್ಪೋಕನ್ ಟ್ಯುಟೋರಿಯಲ್ ತಂಡದವರು ಕೂಡ ಹೊಸಬರಿಂದ ಪರೀಕ್ಷಿಸುವ ಹಂತವನ್ನು ಇಟ್ಟುಕೊಂಡಿದ್ದಾರೆ.

ಪಾಠವನ್ನು ತರಗತಿಯ ಹಿಂದಿನ ಸಂಜೆ ಗ್ರೂಪಿಗೆ ಕಳಿಸಿ. ಬೆಳಿಗ್ಗೆ ಕ್ವಿಜ್ ಫಲಿತಾಂಶ ನೋಡಿಕೊಂಡು ತರಗತಿಗೆ ಹೋಗಿ. ಹೆಚ್ಚಿನವರು 1.25 ಒತ್ತಿದ್ದರೆ ಆ ದಿನದ ಗಂಟೆ ಅದಕ್ಕೇ ಮೀಸಲು. ಎಲ್ಲರೂ ಸರಿ ಮಾಡಿದ್ದರೆ ಹೊಸ ಲೆಕ್ಕ ಕೊಡಿ, ಅಡುಗೆ ಉಪ್ಪಿಗೂ ಸಿನಿಮಾ ಟಿಕೆಟ್‌ಗೂ ಹೋಲಿಕೆ ಮಾಡಿಸಿ. ಫೋನ್ ಇಲ್ಲದವರು ಯಾರು ಎಂದು ಮೊದಲೇ ವಿಚಾರಿಸಿ, ಅವರಿಗೆ ಆ ಒಂದು ಪುಟದ ಪ್ರಿಂಟ್ ತೆಗೆದು ಕೊಡಿ.

ಕೊನೆಯದು ಫೈಲ್‌ಗಳ ವಿಷಯ. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾರ ಹೊತ್ತಿರುವವರು ಅತಿಥಿ ಉಪನ್ಯಾಸಕರು, ಮುಂದಿನ ವರ್ಷ ಅವರು ಬೇರೆ ಊರಲ್ಲಿರಬಹುದು. ಬರಹ, ದನಿ, ಸ್ಲೈಡ್ ಮೂಲ ಫೈಲ್‌ಗಳು ಕಾಲೇಜಿನ ಖಾತೆಯಲ್ಲೂ ಅವರ ಬಳಿಯಲ್ಲೂ ಇರಲಿ. ಮೊದಲ ಪುಟದಲ್ಲಿ ಮಾಡಿದವರ ಹೆಸರು, ವರ್ಷ, ಸೆಮಿಸ್ಟರ್, ಯೂನಿಟ್, ಜೊತೆಗೆ ಕ್ರಿಯೇಟಿವ್ ಕಾಮನ್ಸ್ 'ಬೈ' ಪರವಾನಗಿ ನಮೂದಿಸಿ. ಆಗ ಪಕ್ಕದ ತಾಲ್ಲೂಕಿನ ಕಾಲೇಜಿನವರು ಹೆಸರು ಉಳಿಸಿಕೊಂಡೇ ಈರುಳ್ಳಿ ಬದಲು ತಮ್ಮೂರ ಅಡಿಕೆಯನ್ನೋ ಟೊಮೆಟೊವನ್ನೋ ಹಾಕಿ ಅದೇ ಪಾಠವನ್ನು ಬಳಸಬಹುದು.