ಪಹಣಿಯಲ್ಲಿ ಇಲ್ಲದ್ದು

ವಿಲ್ ಬರೆಸುವುದು ದೊಡ್ಡ ಕೆಲಸವೇನಲ್ಲ. ಛಾಪಾ ಕಾಗದ ಬೇಕು ಅಂತ ಸುಮಾರು ಜನ ತಿಳಿದಿದ್ದಾರೆ, ಬೇಡ. 1925ರ ಉತ್ತರಾಧಿಕಾರ ಕಾಯ್ದೆ ಪ್ರಕಾರ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ, ಇಬ್ಬರು ಸಾಕ್ಷಿಗಳು ಸಹಿ ಮಾಡಿದರೂ ನಡೆಯುತ್ತದೆ. ನೋಂದಣಿ ಕಡ್ಡಾಯ ಅಲ್ಲ, ನಾನು ಮಾಡಿಸಿದೆ, ನಾಳೆ ತಕರಾರು ಬೇಡ ಅಂತ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಹಾಗಾಗಿ ಅದರಲ್ಲಿ ನನ್ನ ಪಾಲಿನ ಬಗ್ಗೆ ಮಾತ್ರ ನಾನು ಬರೆಯಬಹುದು. ಅಲ್ಲಿಗೆ ಆ ವಿಷಯ ಮುಗಿಯಿತು.

ಮುಗಿಯದೇ ಇದ್ದದ್ದು ಬೇರೆ. ನಮ್ಮ ಶಿರಸಿ ಕಡೆ ನೆಂಟರೊಬ್ಬರು ದಿಢೀರಂತ ಹೋಗಿಬಿಟ್ಟರು. ಮಕ್ಕಳ ಕೈಯಲ್ಲಿ ಪಹಣಿ ಇತ್ತು, ಪಾಸ್‌ಬುಕ್ ಇತ್ತು, ಆದರೆ ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರಿನ ಪೈಪು ಯಾರ ತೋಟದ ಒಳಗೆ ಹಾದು ಬರುತ್ತದೆ, ಅವರ ಜೊತೆ ಏನು ಮಾತಾಗಿತ್ತು, ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರುವ ಬೆಟ್ಟದ ಗಡಿ ಎಲ್ಲಿವರೆಗೆ, ಒಂದೂ ಗೊತ್ತಿರಲಿಲ್ಲ. ಸೊಪ್ಪಿನ ಬೆಟ್ಟ ಸ್ವಂತ ಜಮೀನೂ ಅಲ್ಲ, ತೋಟದ ಜೊತೆ ಬಂದ ಹಕ್ಕು ಅಷ್ಟೇ. ಹಳಬರು ತೋರಿಸಿಕೊಟ್ಟರೆ ಮಾತ್ರ ಗೊತ್ತಾಗುವ ಸಂಗತಿ ಅದು.

ಆಗ ಇಂಥದ್ದನ್ನೆಲ್ಲ ಬರೆದಿಡಲು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಶುರುವಿಗೆ ಅಪ್ಪಯ್ಯ, ಅಜ್ಜ, ವಂಶಾವಳಿ ಅಂತ ದೊಡ್ಡದಾಗಿ ಹೊರಟೆ. ಬೇಜಾರು ಬಂತು. ನನಗೇ ಓದಲು ಆಗದ್ದನ್ನು ಮಗಳು ಓದುತ್ತಾಳಾ? ಮತ್ತೆ ತೋಟದಲ್ಲಿ ಓಡಾಡುತ್ತಾ, ಕಣ್ಣಿಗೆ ಬಿದ್ದದ್ದನ್ನು ಅಲ್ಲಲ್ಲೇ ಗೀಚತೊಡಗಿದೆ.

ಅಡಿಕೆಗೆ ಕೊಳೆ ರೋಗ ಬಾರದಂತೆ ಹೊಡೆಯುವ ಮದ್ದಿನ ವಿಷಯವನ್ನೇ ತಗೊಳ್ಳಿ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಈ ಅಳತೆ ಯಾರನ್ನು ಕೇಳಿದರೂ ಹೇಳುತ್ತಾರೆ. ಹದ ನೋಡುವುದಕ್ಕೆ ತಿಕ್ಕಿ ತೊಳೆದ ಕತ್ತಿಯನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಡಬೇಕು, ಅಲಗು ಕೆಂಪಾದರೆ ಸುಣ್ಣ ಸಾಲದು ಅಂತ ಅರ್ಥ, ಇದೂ ಹೊಸದಲ್ಲ. ಆದರೆ ನಮ್ಮ ತೋಟದಲ್ಲಿ ಕೊಳೆ ಮೊದಲು ಹಿಡಿಯುವುದು ಹಳ್ಳದ ಕಡೆ ಅಂಚಿಗೆ, ಅಲ್ಲಿ ಬಿಸಿಲು ತಾಗುವುದು ಕಡಿಮೆ, ಜೂನ್ ಮಳೆ ಜೋರಾಗುವ ಮೊದಲೇ ಅಲ್ಲಿಂದ ಶುರು ಮಾಡದಿದ್ದರೆ ಉಳಿದ ತೋಟಕ್ಕೆ ಹೊಡೆದೂ ಉಪಯೋಗವಿಲ್ಲ ಅನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ಅದು ನನ್ನ ತಲೆಯಲ್ಲಿ ಮಾತ್ರ ಇತ್ತು. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೂ ಗೊತ್ತಿತ್ತು ಅನ್ನಿ, ಆದರೆ ಅವನಿಗೆ ನನಗಿಂತ ಜಾಸ್ತಿ ವಯಸ್ಸು!

ಮಗಳು ರಜೆಗೆ ಬಂದಾಗ ಓದಿದಳು. "ಬರದ್ದು ಸರಿ ಅಪ್ಪಯ್ಯ, ಯಂಗೆ ಒಂದ್ಸಲ ತೋರ್ಸು" ಅಂದಳು. ಕರೆದುಕೊಂಡು ಹೋದೆ. ಅವಳು ಫೋನಿನಲ್ಲಿ ಗಡಿಕಲ್ಲು, ಪೈಪಿನ ದಾರಿ ಎಲ್ಲದರ ಫೋಟೋ ತೆಗೆದಳು. ನನಗೆ ಹೊಳೆದೇ ಇರಲಿಲ್ಲ.

ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿನ ಮರದ್ದು ಮಾತ್ರ ಬರೆದು ಮುಗಿಯುವಂಥದ್ದಲ್ಲ. ನಮ್ಮ ಹಳ್ಳದ ದಂಡೆಯಲ್ಲಿ ಒಂದು ಮರ ಇದೆ, ಮಿಡಿಯ ತೊಟ್ಟು ಮುರಿದರೆ ಸೊನೆಯಲ್ಲಿ ಜೀರಿಗೆ ಪರಿಮಳ ಘಮ್ಮನೆ ಬರುತ್ತದೆ. ಅದರ ಗೊರಟಿನಿಂದ ಹುಟ್ಟಿದ ಗಿಡಕ್ಕೆ ಅದೇ ಪರಿಮಳ ಬರುವ ಖಾತ್ರಿ ಇಲ್ಲ, ಕಸಿಯನ್ನೇ ಕಟ್ಟಬೇಕು. ಕಾಟು ಮಾವಿನ ಸಸಿಗೆ ಕಡ್ಡಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲಿಂದ ಐಸ್‌ಕ್ಯಾಂಡಿಯ ಪ್ಲಾಸ್ಟಿಕ್ ಕವರು ಹಾಕಿದೆವು. ಕೆಲವು ಒಣಗಿದವು, ಕೆಲವು ಚಿಗುರಿದವು. ಒಂದನ್ನು ಮಾತ್ರ ಮನೆಯಲ್ಲಿ ಇಟ್ಟುಕೊಂಡು ಉಳಿದದ್ದನ್ನು ಊರಲ್ಲಿ ಕೇಳಿದವರಿಗೆ ಕೊಟ್ಟೆ. ನಮ್ಮ ಮನೆಯದು ಹೋದರೂ ಬೇರೆ ಯಾರದ್ದಾದರೂ ಹಿತ್ತಲಲ್ಲಿ ಇರುತ್ತದೆ, ಅಲ್ವಾ?

ಕೈಸಾಲದ ಪುಟ ಬರೆಯುವಾಗ ಸ್ವಲ್ಪ ಸಂಕೋಚ ಆಯಿತು. ನಾನು ಕೊಡಬೇಕಾದ್ದನ್ನು ಪೂರ್ತಿ ಬರೆದಿದ್ದೇನೆ. ನನಗೆ ಬರಬೇಕಾದ್ದರಲ್ಲಿ ಒಂದೆರಡನ್ನು ಬೇಕಂತಲೇ ಬಿಟ್ಟೆ. ಅವರ ಹತ್ತಿರ ಮಕ್ಕಳು ಹೋಗಿ ಕೇಳುವುದು ನನಗೆ ಬೇಡ.