ಐದನೆಯ ದಿನದ ನೀರು

ಯಾದಗಿರಿ ಜಿಲ್ಲೆಯ ನಮ್ಮ ಸಣ್ಣ ಊರಿನಲ್ಲಿ ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ. ಬೇಸಿಗೆ ಬಿರುಸಾದರೆ ವಾರವೂ ಹಿಡಿಯುತ್ತದೆ. ಬೆಳಗಿನ ಜಾವವೋ ನಡುರಾತ್ರಿಯೋ ಓಣಿಯಲ್ಲಿ ಯಾರಾದರೂ "ಯವ್ವಾ, ನಳ ಬಂದಾವ" ಎಂದು ಕೂಗಿದರೆ ಸಾಕು, ಮನೆಮನೆಯ ಹೆಣ್ಣುಮಕ್ಕಳು ಕೊಡ, ಬಕೆಟ್, ಡ್ರಮ್ಮುಗಳನ್ನು ಹಿಡಿದು ಎದ್ದು ನಿಲ್ಲುತ್ತಾರೆ. ನಲವತ್ತೆರಡು ವರ್ಷಗಳಿಂದ ಇದೇ ನಳಕ್ಕೆ ಕೊಡ ಹಿಡಿದಿರುವ ನನ್ನನ್ನು, ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರು ಈ ನೀರು ಕುಡಿಯಬಹುದೇ ಎಂದು ಕೇಳುತ್ತಿರುತ್ತಾರೆ. ಇವತ್ತು ತುಂಬಿದ ನೀರು ಐದನೆಯ ದಿನಕ್ಕೂ ಕುಡಿಯುವಂತೆ ಉಳಿಯುತ್ತದೆಯೇ ಎಂದು ಕೇಳಿರಿ ಎನ್ನುತ್ತೇನೆ ನಾನು. ನೀರನ್ನು ಕೂಡಿಟ್ಟುಕೊಂಡು ಬಾಳುವ ನಮ್ಮಂಥ ಊರುಗಳಲ್ಲಿ ಮನೆಯವರ ಆರೋಗ್ಯ ನಿಂತಿರುವುದು ಬಹುಮಟ್ಟಿಗೆ ಆ ಐದು ದಿನಗಳಲ್ಲಿ ನಾವು ನೀರನ್ನು ಹೇಗೆ ಇಟ್ಟುಕೊಳ್ಳುತ್ತೇವೆ ಎಂಬುದರ ಮೇಲೆ.

ಮೊದಲು ನೀರು ಹಿಡಿಯುವ ವಿಚಾರ. ಪೈಪಿನಲ್ಲಿ ಸದಾ ನೀರು ತುಂಬಿ ಹರಿಯುತ್ತಿದ್ದರೆ ಸೀಳು ಬಿಟ್ಟ ಕಡೆ ನೀರು ಹೊರಗೆ ಸೋರುತ್ತದೆಯೇ ಹೊರತು ಹೊರಗಿನ ಹೊಲಸು ಒಳಗೆ ಬರುವುದಿಲ್ಲ. ನೀರು ಬಿಡುವುದು ನಿಂತ ಮೇಲೆ ಪೈಪು ಬರಿದಾಗುತ್ತದೆ. ಆಗ ಪಕ್ಕದ ಗಟಾರದ ನೀರು ಅದೇ ಸೀಳಿನಿಂದ ಒಳಗಿಳಿದು ಕುಳಿತು, ಮುಂದಿನ ಸಲ ನೀರು ಬಿಟ್ಟಾಗ ಎಲ್ಲಕ್ಕಿಂತ ಮೊದಲು ನಮ್ಮ ಕೊಡಕ್ಕೆ ಬಂದು ಬೀಳುತ್ತದೆ. ಆದ್ದರಿಂದ ಮೊದಲ ಹತ್ತು ಹದಿನೈದು ನಿಮಿಷ ಬರುವ ನೀರನ್ನು ಕುಡಿಯಲು ಹಿಡಿಯಬಾರದು. ಅದನ್ನು ಚೆಲ್ಲಬೇಕಾಗಿಯೂ ಇಲ್ಲ. ಪಾಯಖಾನೆಗೆ, ಅಂಗಳ ತೊಳೆಯಲು, ಹೂವಿನ ಗಿಡಗಳಿಗೆ ಬೇರೆ ಡ್ರಮ್ಮಿನಲ್ಲಿ ತುಂಬಿಡಬಹುದು. ನಳಕ್ಕೆ ನೇರವಾಗಿ ಮೋಟಾರು ಹಚ್ಚಿ ನೀರೆಳೆಯುವವರು ತಮ್ಮ ಮನೆಗಷ್ಟೇ ಅಲ್ಲ, ಇಡೀ ಓಣಿಗೆ ಕೇಡು ಮಾಡುತ್ತಾರೆ, ಏಕೆಂದರೆ ಮೋಟಾರು ಎಳೆಯುವಾಗ ಪೈಪಿನ ಸೀಳುಗಳಿಂದ ಗಟಾರದ ನೀರೂ ಎಳೆದುಕೊಂಡು ಬರುತ್ತದೆ.

ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಹಲವು ವರ್ಷಗಳ ಹಿಂದಿನ ಒಂದು ಶ್ರಾವಣದಲ್ಲಿ ನಮ್ಮ ಓಣಿಯ ಐದಾರು ಮನೆಗಳಲ್ಲಿ ಕಾಮಾಲೆ ಕಾಣಿಸಿಕೊಂಡಿತು, ನನ್ನ ಕಿರಿಯ ಮಗನೂ ಮಲಗಿದ. ಹಿರಿಯ ಸೊಸೆ ಆಗ ಏಳು ತಿಂಗಳ ಬಸುರಿ. ನೀರಿನಿಂದ ಹರಡುವ ಕಾಮಾಲೆಯಲ್ಲಿ ಹೆಪಟೈಟಿಸ್ ಇ ಎಂಬ ಬಗೆಯೊಂದಿದೆ ಎಂದೂ, ಅದು ಬಸುರಿನ ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ ಸಾವಿನ ಪ್ರಮಾಣ ನೂರಕ್ಕೆ 20ರಿಂದ 25ರವರೆಗೂ ಹೋಗಬಹುದೆಂದೂ ವೈದ್ಯರು ಹೇಳಿದಾಗ ನನ್ನ ಕೈಕಾಲು ತಣ್ಣಗಾದವು. ಅಂದಿನಿಂದ ಅವಳಿಗೆ ಕುದಿಸಿದ ನೀರಲ್ಲದೆ ಒಂದು ಗುಟುಕನ್ನೂ ಕೊಡಲಿಲ್ಲ. ಓಣಿಯವರೆಲ್ಲ ಸೇರಿ ಹಲವು ಸಲ ಹೋಗಿ ಕೇಳಿದ ಮೇಲೆ ಕೆಲಸದವರು ಬಂದು ಮೂಲೆಯಲ್ಲಿ ಅಗೆದರು. ಗಟಾರದ ಕಪ್ಪು ಕೆಸರಿನೊಳಗೆ ನಮ್ಮ ಕುಡಿಯುವ ನೀರಿನ ಪೈಪು ಮುಳುಗಿತ್ತು; ಅದರ ಜೋಡಣೆಗೆ ಯಾರೋ ಸೈಕಲ್ಲಿನ ಹಳೆಯ ಟ್ಯೂಬು ಸುತ್ತಿದ್ದರು, ಆ ಟ್ಯೂಬೂ ಹರಿದು ಜೋತುಬಿದ್ದಿತ್ತು. ಆ ನೀರು ನೋಡಲು ತಿಳಿಯಾಗಿಯೇ ಬರುತ್ತಿತ್ತು ಎಂಬುದನ್ನು ಮರೆಯಬಾರದು. ತಿಳಿಯಾಗಿ ಕಂಡ ಮಾತ್ರಕ್ಕೆ ನೀರನ್ನು ನಂಬಬೇಡಿ.

ನಳದ ನೀರಿನಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ ಬಂದರೆ ಮುಖ ಸಿಂಡರಿಸಿ ಬೋರಿನ ನೀರಿಗೆ ಹೋಗುವವರನ್ನು ಕಂಡಿದ್ದೇನೆ. ನನಗೆ ಆ ತೆಳು ವಾಸನೆ ಬಂದ ದಿನ ಸಮಾಧಾನವಾಗುತ್ತದೆ. ಮನೆಯ ನಳದವರೆಗೆ ಬಂದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ನಿಯಮ. ದಾರಿಯಲ್ಲಿ ಸೇರಿಕೊಂಡ ರೋಗಾಣುಗಳನ್ನು ಅದು ಕೊಲ್ಲುತ್ತದೆ. ಆದರೆ ಕ್ಲೋರಿನ್ ಬಹಳ ದಿನ ನಿಲ್ಲುವಂಥದ್ದಲ್ಲ. ಕೊಡದಲ್ಲಿಟ್ಟ ನೀರಿನಿಂದ ಅದು ಒಂದೆರಡು ದಿನಗಳಲ್ಲಿ ಬಹುಪಾಲು ಹೋಗಿಬಿಡುತ್ತದೆ. ಮೂರನೆಯ ದಿನದಿಂದ ನಮ್ಮ ಡ್ರಮ್ಮಿನ ನೀರಿಗೆ ಕಾವಲು ಇರುವುದಿಲ್ಲ. ಆಮೇಲೆ ಅದರಲ್ಲಿ ಅದ್ದಿದ ಒಂದು ಕೈ, ಒಂದು ಲೋಟ ಸಾಕು, ಇಡೀ ನೀರು ಕೆಡುತ್ತದೆ. ಅದಕ್ಕಾಗಿ ನಮ್ಮ ಮನೆಯಲ್ಲಿ ಕುಡಿಯುವ ನೀರಿನ ಪಾತ್ರೆಯೇ ಬೇರೆ, ಬಳಸುವ ನೀರಿನ ಡ್ರಮ್ಮೇ ಬೇರೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಲೀಟರು ಸಾಕಾಗುವುದರಿಂದ ಅಷ್ಟು ನೀರನ್ನು ಜೋಪಾನ ಮಾಡುವುದು ಕಷ್ಟವೇನಲ್ಲ. ಕುಡಿಯುವ ಪಾತ್ರೆಗೆ ಮುಚ್ಚಳ ಇರಲಿ, ಸಾಧ್ಯವಿದ್ದರೆ ಕೆಳಗೆ ನಳವಿರುವ ಸ್ಟೀಲಿನ ಪಾತ್ರೆಯೇ ಇರಲಿ. ಇಲ್ಲವಾದರೆ ಉದ್ದ ಹಿಡಿಕೆಯ ಸೌಟೊಂದನ್ನು ಗೋಡೆಯ ಮೊಳೆಗೆ ತೂಗುಹಾಕಿ, ಅದರಿಂದಲೇ ನೀರು ತೆಗೆಯುವ ರೂಢಿ ಮಾಡಿರಿ. ತುಂಬಿದ ದಿನದ ತಾರೀಖನ್ನು ನಾನು ಡ್ರಮ್ಮಿನ ಮೇಲೆ ಸೀಮೆಸುಣ್ಣದಿಂದ ಬರೆದಿಡುತ್ತೇನೆ. ಹಳೆಯ ನೀರಿನ ಮೇಲೆ ಹೊಸ ನೀರು ಸುರಿಯುವ ಅಭ್ಯಾಸ ಬೇಡ. ತಳದ ನೀರನ್ನು ಬಳಕೆಗೆ ತೆಗೆದು, ಒಳಗೆ ಕೈಯಾಡಿಸಿದರೆ ಜಾರುವ ಲೋಳೆಯನ್ನು ಪೂರ್ತಿ ಉಜ್ಜಿ ತೊಳೆದ ಮೇಲೆಯೇ ಮತ್ತೆ ತುಂಬಬೇಕು.

ಮನೆಯ ಮುಂದಿನ ಸಿಮೆಂಟಿನ ಹೌದನ್ನೂ ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಲೇಬೇಕು. ಡೆಂಗಿ ತರುವ ಸೊಳ್ಳೆ ಇಂಥ ನಿಂತ ಶುದ್ಧ ನೀರಿನಲ್ಲೇ ಹುಟ್ಟುತ್ತದೆ, ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಒಂದು ವಾರ, ಹತ್ತು ದಿನ ಸಾಕು. ಅದರ ಮೊಟ್ಟೆಗಳು ಹೌದಿನ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುವುದರಿಂದ ಬರೀ ನೀರು ಚೆಲ್ಲಿದರೆ ಪ್ರಯೋಜನವಿಲ್ಲ, ತೆಂಗಿನ ನಾರಿನಿಂದ ಗೋಡೆಯನ್ನು ತಿಕ್ಕಬೇಕು.

ಬಟ್ಟೆಯಲ್ಲಿ ಸೋಸುವುದನ್ನು ಈಗಿನವರು ಹಳೆಯ ಕಾಲದ ಪದ್ಧತಿ ಎಂದು ಬಿಟ್ಟುಬಿಟ್ಟಿದ್ದಾರೆ. ನನ್ನ ತವರು ಸೇಡಂ ಕಡೆಯದು. ಚಿಕ್ಕವಳಿದ್ದಾಗ ಮೆಟ್ಟಿಲ ಬಾವಿಗೆ ಇಳಿದು ನೀರು ತುಂಬುತ್ತಿದ್ದೆವು. ನಾರುಹುಣ್ಣು ಎಂಬ ರೋಗ ಆಗ ನಮ್ಮ ಭಾಗವನ್ನು ಕಾಡುತ್ತಿತ್ತು. ಹುಣ್ಣಾದವರು ಬಾವಿಯ ನೀರಿಗೆ ಕಾಲಿಟ್ಟರೆ ಹುಳು ಅಲ್ಲಿ ಮರಿ ಬಿಡುತ್ತಿತ್ತು, ಆ ಮರಿಗಳು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನೀರುಚಿಗಟಗಳ ಹೊಟ್ಟೆ ಸೇರುತ್ತಿದ್ದವು, ಆ ನೀರನ್ನು ಸೋಸದೆ ಕುಡಿದವರ ಕಾಲಿನಿಂದ ಸುಮಾರು ಒಂದು ವರ್ಷದ ಮೇಲೆ ಮೊಳದುದ್ದದ ದಾರದಂಥ ಹುಳು ಹೊರಗೆ ಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯುವಾಗ ಜನ ಪಡುತ್ತಿದ್ದ ಸಂಕಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ರೋಗಕ್ಕೆ ಲಸಿಕೆಯೂ ಇರಲಿಲ್ಲ, ಕೊಲ್ಲುವ ಔಷಧಿಯೂ ಇರಲಿಲ್ಲ. ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಮೆಟ್ಟಿಲ ಬಾವಿಗಳನ್ನು ಸೇದುವ ಬಾವಿಗಳಾಗಿ ಬದಲಾಯಿಸುವುದು, ಬೋರು ಹಾಕುವುದು, ಇವುಗಳಿಂದಲೇ ಅದು ದೇಶ ಬಿಟ್ಟು ಹೋಯಿತು. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶವನ್ನು ಈ ರೋಗದಿಂದ ಮುಕ್ತವೆಂದು ಸಾರಿತು. ಬಟ್ಟೆಯೊಂದು ಇಷ್ಟು ಕೆಲಸ ಮಾಡಿದೆ ಎಂಬುದನ್ನು ಕಂಡವಳಾದ್ದರಿಂದ, ನಾಲ್ಕು ಮಡಿಕೆ ಮಾಡಿದ ಹಳೆಯ ಹತ್ತಿ ಸೀರೆಯ ತುಂಡನ್ನು ನಾನು ಇವತ್ತಿಗೂ ನಳಕ್ಕೆ ಕಟ್ಟುತ್ತೇನೆ, ಪ್ರತಿ ಸಲವೂ ಅದನ್ನು ಸಾಬೂನು ಹಚ್ಚಿ ಒಗೆದು ಬಿಸಿಲಿಗೆ ಹಾಕುತ್ತೇನೆ. ಆದರೂ ಸೋಸಿದ ನೀರು ಸೋಸಿದ ನೀರಷ್ಟೇ. ಕಾಮಾಲೆ, ವಿಷಮಶೀತ ಜ್ವರದ ರೋಗಾಣುಗಳು ಬಟ್ಟೆಯ ಎಳೆಗಳ ನಡುವೆ ಸುಲಭವಾಗಿ ಹಾದುಹೋಗುತ್ತವೆ.

ಮಳೆಗಾಲದಲ್ಲಿ ಭೀಮೆಗೆ ಹೊಸ ನೀರು ಬಂದಾಗ ನಳದಲ್ಲೂ ಕೆಂಪು ನೀರು ಬರುವುದುಂಟು. ಆಗ ಪಟಕದ ತುಂಡನ್ನು ಕೊಡದ ನೀರಿನಲ್ಲಿ ನಾಲ್ಕೈದು ಸುತ್ತು ತಿರುಗಿಸಿ ತೆಗೆದು, ರಾತ್ರಿಯೆಲ್ಲ ಅಲುಗಾಡಿಸದೆ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಬೇಕು. ಆ ತಿಳಿಯನ್ನು ಸೋಸಿ ಕುದಿಸಬೇಕು. ಕುದಿಸುವುದೆಂದರೆ ತಳದಲ್ಲಿ ಗುಳ್ಳೆ ಕಂಡೊಡನೆ ಇಳಿಸುವುದಲ್ಲ; ಪಾತ್ರೆಯ ನೀರೆಲ್ಲ ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಪೂರ್ತಿ ಕುದಿಯಬೇಕು. ಅದಕ್ಕಿಂತ ಹೆಚ್ಚು ಹೊತ್ತು ಉರಿ ಹಾಕಿ ಗ್ಯಾಸು ಕಳೆಯಬೇಕಾಗಿಲ್ಲ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಲು ಬಿಡಿ, ಮರುದಿನದೊಳಗೆ ಮುಗಿಸಿ. ಐದು ದಿನದ ನೀರನ್ನು ಒಂದೇ ಸಲ ಕುದಿಸಿಟ್ಟರೆ ಮೂರನೆಯ ದಿನಕ್ಕೆ ಅದೂ ಕಾವಲಿಲ್ಲದ ನೀರೇ.

ಗ್ಯಾಸು ತೀರಿದ ದಿನಕ್ಕೆ ನಮ್ಮ ನಾಡಿನ ಬಿಸಿಲೇ ಇದೆ. ಬಣ್ಣವಿಲ್ಲದ, ಗೀರಿಲ್ಲದ ಎರಡು ಲೀಟರಿನೊಳಗಿನ ಪ್ಲಾಸ್ಟಿಕ್ ಬಾಟಲಿಗೆ ತಿಳಿ ನೀರು ತುಂಬಿ, ಮಾಳಿಗೆಯ ಮೇಲೆ ಅಡ್ಡಲಾಗಿ ಮಲಗಿಸಿ, ನೇರ ಬಿಸಿಲಿನಲ್ಲಿ ಆರು ತಾಸು ಬಿಟ್ಟರೆ ಬಹುತೇಕ ರೋಗಾಣುಗಳು ಸಾಯುತ್ತವೆ. ಮೋಡವಿದ್ದರೆ ಎರಡು ದಿನ ಬೇಕು. ಕ್ಲೋರಿನ್ ಗುಳಿಗೆಯಾದರೆ ಪೊಟ್ಟಣದ ಮೇಲೆ ಬರೆದಷ್ಟು ಲೀಟರಿಗೆ ಹಾಕಿ ಅರ್ಧ ತಾಸು ಕಾಯಬೇಕು. ಹೌದಿನ ನೀರಿಗೆ ತಾಜಾ ಬ್ಲೀಚಿಂಗ್ ಪುಡಿ ಹಾಕುವುದಾದರೆ ಸಾವಿರ ಲೀಟರಿಗೆ 2.5 ಗ್ರಾಂ, ಅಂದರೆ ಸುಮಾರು ಅರ್ಧ ಚಹಾ ಚಮಚ ಸಾಕು. ಬಕೆಟ್ಟಿನಲ್ಲಿ ಕದಡಿ, ಸುಣ್ಣ ಕೆಳಗೆ ಕುಳಿತ ಮೇಲೆ ತಿಳಿಯನ್ನಷ್ಟೇ ಸುರಿದು, ಒಂದು ತಾಸು ಬಿಡಿ. ಆ ಪುಡಿಯನ್ನು ಪಾಯಖಾನೆ ತೊಳೆಯುವ ಆಸಿಡ್ಡಿನ ಹತ್ತಿರವೂ ಇಡಬೇಡಿ. ಎರಡೂ ಬೆರೆತರೆ ವಿಷದ ಗಾಳಿ ಏಳುತ್ತದೆ.

ನಳ ಕೈಕೊಟ್ಟಾಗ ಬೋರಿನ ನೀರಿಗೆ ಹೋಗುತ್ತೇವೆ, ಅದರ ತೊಂದರೆಗಳೇ ಬೇರೆ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ನೆಲದಡಿ ಸುಣ್ಣದ ಕಲ್ಲು. ಮನೆಗೆ ಹಾಸುವ ಶಹಾಬಾದಿ ಫರಸಿ ಬರುವುದೂ, ಸಿಮೆಂಟು ಕಾರ್ಖಾನೆಗಳು ನಿಂತಿರುವುದೂ ಅದರಿಂದಲೇ. ಆ ಕಲ್ಲಿನ ನಡುವಿನಿಂದ ಬರುವ ನೀರು ಗಡಸು. ನಮ್ಮ ಕಡೆಯ ತೊಗರಿ ಬೇಳೆಯಂಥ ಬೇಳೆಯೂ ಆ ನೀರಿನಲ್ಲಿ ಎಷ್ಟು ಕುದಿಸಿದರೂ ಕಾಳು ಕಾಳಾಗಿ ಉಳಿಯುತ್ತದೆ, ಸಾಬೂನು ನೊರೆ ಬಿಡುವುದಿಲ್ಲ, ಕಾಸುವ ಪಾತ್ರೆಗೆ ಬಿಳಿ ಹಪ್ಪಳಿಕೆ ಕಟ್ಟುತ್ತದೆ. ನಮ್ಮ ತಾಯಿ ಬೇಳೆಗೆಂದೇ ಹಳ್ಳದ ನೀರು ತರಿಸುತ್ತಿದ್ದಳು. ಇದು ಕಿರಿಕಿರಿಯೇ ಹೊರತು ಅಷ್ಟಾಗಿ ಭಯಪಡಬೇಕಾದದ್ದಲ್ಲ. ಭಯಪಡಬೇಕಾದದ್ದು ರುಚಿಗೂ ಕಣ್ಣಿಗೂ ಸಿಗದ ಫ್ಲೋರೈಡ್ ಮತ್ತು ನೈಟ್ರೇಟ್. ಯಾದಗಿರಿ, ಕಲಬುರಗಿ ಜಿಲ್ಲೆಗಳ ಹಲವು ಊರುಗಳ ಬೋರುಗಳಲ್ಲಿ ಇವು ಹೆಚ್ಚಿವೆ. ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ, ನೈಟ್ರೇಟ್ 45 ಮೀರಲೇಬಾರದು. ಫ್ಲೋರೈಡ್ ಮಕ್ಕಳ ಹಲ್ಲಿಗೆ ಕಂದು ಕಲೆ ಹಿಡಿಸುತ್ತದೆ, ವರ್ಷಗಟ್ಟಲೆ ಕುಡಿದರೆ ಎಲುಬು ಬಿಗಿಯುತ್ತದೆ. ನೈಟ್ರೇಟ್ ಹಸುಗೂಸಿನ ರಕ್ತಕ್ಕೆ ಉಸಿರು ಸಿಗದಂತೆ ಮಾಡುತ್ತದೆ. ಕುದಿಸಿದರೆ ಇವು ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಇನ್ನೂ ದಟ್ಟವಾಗುತ್ತವೆ.

ಇಂಥ ಬೋರಿನ ನೀರಿಗೆ, ಕರಗಿದ ಲವಣಗಳನ್ನು ಬೇರ್ಪಡಿಸುವ ಆರ್‌ಓ ಯಂತ್ರ ಬೇಕಾಗಬಹುದು. ನದಿಯ ಸಿಹಿ ನೀರು ಬರುವ ಮನೆಗೆ ಅದನ್ನು ಮಾರುವವರ ಮಾತು ಕೇಳಿ ಹಣ ಹಾಕಬೇಡಿ, ಅದು ಒಂದು ಕೊಡ ಕೊಟ್ಟು ಎರಡು ಕೊಡ ಚೆಲ್ಲುವ ಯಂತ್ರ. ಅವರು ತೋರಿಸುವ ಟಿಡಿಎಸ್ ಮೀಟರು ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುತ್ತದೆ, ರೋಗಾಣುಗಳನ್ನಲ್ಲ. ಗಟಾರ ಬೆರೆತ ನೀರೂ ಅದರಲ್ಲಿ ಚೆನ್ನಾಗಿಯೇ ತೋರಬಹುದು. ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವ ನೀರಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಉಳಿದಿರುವುದಿಲ್ಲ. ಒಳಗೆ ಹಸಿರು ಕಟ್ಟಿದ ಕ್ಯಾನಿನಲ್ಲಿ ತಂದರೆ ಆ ಶುದ್ಧತೆ ದಾರಿಯಲ್ಲೇ ಹೋಯಿತು.

ಅನುಮಾನವಿದ್ದರೆ ನೀರನ್ನು ಪರೀಕ್ಷೆ ಮಾಡಿಸಿ. ಮಲದ ರೋಗಾಣುಗಳ ಸುಳಿವು ತಿಳಿಯಲು ಸಣ್ಣ ಬಾಟಲಿಯ ಸರಳ ಪರೀಕ್ಷೆಯಿದೆ. ನೀರು ತುಂಬಿ ಒಂದೆರಡು ದಿನ ಬೆಚ್ಚಗಿನ ಕಡೆ ಇಟ್ಟಾಗ ಅದು ಕಪ್ಪಾದರೆ ಆ ನೀರನ್ನು ಕುದಿಸದೆ ಮುಟ್ಟಬೇಡಿ. ಫ್ಲೋರೈಡ್, ನೈಟ್ರೇಟುಗಳಿಗೆ ಜಿಲ್ಲಾ ಕೇಂದ್ರದ ನೀರಿನ ಪ್ರಯೋಗಾಲಯಕ್ಕೆ ಮಾದರಿ ಕೊಡಬೇಕು, ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ಕೊಟ್ಟರೆ ಒಳ್ಳೆಯದು.

ಎಳೆಗೂಸಿನ ವಿಷಯದಲ್ಲಿ ಒಂದು ಮಾತು. ನಮ್ಮ ಬೇಸಿಗೆಗೆ ಹೆದರಿ ಕೂಸಿಗೆ ಚಮಚದಲ್ಲಿ ನೀರು ಕುಡಿಸುವ ಅಜ್ಜಿಯರಿದ್ದಾರೆ. ಆರು ತಿಂಗಳವರೆಗೆ ತಾಯಿಯ ಹಾಲಿನಲ್ಲೇ ಬೇಕಾದಷ್ಟು ನೀರಿದೆ, ಬೇರೆ ಹನಿಯೂ ಬೇಡ. ಯಾರಿಗಾದರೂ ವಾಂತಿ ಭೇದಿ ಹತ್ತಿದರೆ ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕೊಡುತ್ತಿರಿ. ಪೊಟ್ಟಣವಿಲ್ಲದಿದ್ದರೆ ಅಷ್ಟೇ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಮನೆಯ ಮದ್ದಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅದೇ ವಾರ ಓಣಿಯ ಮೂರು ನಾಲ್ಕು ಮನೆಗಳಲ್ಲಿ ಹೀಗಾಗಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಯಾವ ಮನೆ, ಯಾವ ತಾರೀಖು ಎಂದು ಬರೆದು ಎಲ್ಲರ ಸಹಿ ಹಾಕಿಸಿ ಅರ್ಜಿ ಕೊಡಿ, ಕೊಟ್ಟದ್ದಕ್ಕೆ ಮುದ್ರೆ ಬಿದ್ದ ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಿ. ನಮ್ಮ ಓಣಿಯ ಮೂಲೆಯನ್ನು ಅಗೆಯಲು ಕೊನೆಗೆ ಜನ ಬಂದದ್ದು ಅಂಥ ಒಂದು ಹಾಳೆಯಿಂದ.